ಏಣಿ, ಬೀಗ ಮತ್ತು ಕೊಡೆ ಸಂಘ

ನಮ್ಮ ನೆಟ್‌ಬಾಲ್ ಸಂಘ ಹುಟ್ಟಿದ್ದು ಬೆನ್ನುನೋವಿನಿಂದ. ಕೊಡೆ ಕಾರ್ಖಾನೆಯ ಹೆಂಗಸರು ದಿನವಿಡೀ ಸ್ಟೂಲಿನ ಮೇಲೆ ಬಾಗಿ ಕುಳಿತು ಕೊಡೆಯ ಬಟ್ಟೆಯನ್ನು ಕಡ್ಡಿಗಳಿಗೆ ಹೊಲಿಯುತ್ತಿದ್ದರು. ಸಂಜೆ ಏಳುವಾಗ ಒಬ್ಬೊಬ್ಬರೂ ಕೊಡೆಯ ಹಿಡಿಯಂತೆಯೇ ಬಾಗಿರುತ್ತಿದ್ದರು. ಔಷಧಿ ಕೋಣೆಯ ನರ್ಸಮ್ಮನಿಗೆ ನೋವಿನ ಮಾತ್ರೆ ಹಂಚಿ ಹಂಚಿ ಸಾಕಾಗಿ, ಒಂದು ದಿನ ಕಂಕುಳಲ್ಲಿ ಚೆಂಡು ಇಟ್ಟುಕೊಂಡು ಹಿಂದಿನ ಅಂಗಳಕ್ಕೆ ಬಂದಳು. ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನಲ್ಲಿ ಆಡಿದ ಆಟ ಅವಳಿಗೆ ಇನ್ನೂ ನೆನಪಿತ್ತು.

"ಈ ಕಡೆ ಏಳು ಜನ, ಆ ಕಡೆ ಏಳು ಜನ. ಚೆಂಡು ಕೈಗೆ ಬಂದ್ಮೇಲೆ ಓಡೋ ಹಾಗಿಲ್ಲ. ಇಟ್ಕೊಳ್ಳೋ ಹಾಗೂ ಇಲ್ಲ. ಬೇಗ ಇನ್ನೊಬ್ಬಳಿಗೆ ಕೊಟ್ಬಿಡಬೇಕು," ಎಂದು ವಿವರಿಸಿದಳು.

"ಹಾಗಾದ್ರೆ ಸಂಬಳದ ತರಾನೇ ಅನ್ನಿ," ಎಂದಳು ಹೊಲಿಗೆ ಸಾಲಿನ ಹಿರಿಯಳು. ಅಂಗಳವೆಲ್ಲ ನಕ್ಕಿತು. ಸಂಘ ಶುರುವಾದದ್ದು ಆ ನಗುವಿನಲ್ಲೇ.

ಬೆಸುಗೆಯವನು ಕಬ್ಬಿಣದ ಕಂಬಿ ಬಗ್ಗಿಸಿ ಎರಡು ಹಳೇ ದೀಪದ ಕಂಬಗಳಿಗೆ ಚೆಂಡು ಹಾಕಲು ಉಂಗುರ ಕೂರಿಸಿಕೊಟ್ಟ. ಹೆಂಗಸರು ಅದನ್ನು ಬಳೆ ಎಂದೇ ಕರೆದರು. ಬಳೆಗೆ ತೂಗುವ ಬಲೆಯನ್ನು ಕೊಡೆ ಹೊಲಿಯುವ ದಾರದಲ್ಲೇ ಗಂಟು ಹಾಕಿ ಹೆಣೆದವಳು ನನ್ನ ಅಮ್ಮ.

ಅಮ್ಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಊರಿನ ಗಂಡಸರಿಗಿಂತಲೂ ಎತ್ತರವಿದ್ದಳು. ಎಲ್ಲರೂ ಏಣಿ ಎನ್ನುತ್ತಿದ್ದರು. ತಲೆ ಬಾಗಿಸಿ, ಭುಜ ಕುಗ್ಗಿಸಿ, ಗೋಡೆಯ ಪಕ್ಕದಲ್ಲೇ ನಡೆಯುವ ಅಭ್ಯಾಸ ಅವಳಿಗೆ. ನರ್ಸಮ್ಮ ಅವಳನ್ನು ಬಳೆಯ ಕೆಳಗೆ ನಿಲ್ಲಿಸಿ ಗದ್ದ ಹಿಡಿದು ಮುಖ ಎತ್ತಿದಳು.

"ಮೇಲೆ ನೋಡೇ. ನಿನ್ನ ಕೆಲಸ ಅಲ್ಲಿದೆ."

ಆ ಅಂಗಳದ ಬಗ್ಗೆ ಹೇಳುವಾಗೆಲ್ಲ ಅಮ್ಮನ ದನಿ ತಗ್ಗುತ್ತಿತ್ತು. ಹೊಸ ಕೊಡೆಗಳನ್ನು ನೀರು ಹಾಯಿಸಿ ಪರೀಕ್ಷಿಸಿ, ಒಣಗಲೆಂದು ಬಿಚ್ಚಿ ಸಾಲಾಗಿ ಇಡುತ್ತಿದ್ದರಂತೆ. ಕೆಂಪು, ನೀಲಿ, ಹಳದಿ. ಆಟದ ನಡುವೆ ಗಾಳಿ ಬೀಸಿದರೆ ಒಂದೋ ಎರಡೋ ಕೊಡೆ ನೆಲ ಬಿಟ್ಟು ಏಳುತ್ತಿದ್ದವು. ಆಡುವವರು ಚೆಂಡು ಬಿಟ್ಟು ಅವನ್ನು ನೋಡುತ್ತ ನಿಲ್ಲುತ್ತಿದ್ದರು. ಕೊಡೆ ತೇಲಿ ಗೋಡೆಯಾಚೆ ಇಳಿದ ಮೇಲೆ ಯಾರೋ ಹೋಗಿ ತರುತ್ತಿದ್ದರು, ಆಟ ಮತ್ತೆ ಮುಂದುವರಿಯುತ್ತಿತ್ತು. ಅಮ್ಮ ಎಸೆದ ಚೆಂಡೂ ಹಾಗೆಯೇ ನಿಧಾನವಾಗಿ ಏರಿ, ಮೇಲೆ ಒಂದು ಕ್ಷಣ ಯೋಚಿಸಿ ಇಳಿಯುತ್ತಿತ್ತಂತೆ. ನೋಡನೋಡುತ್ತ ಅವಳ ಬೆನ್ನು ನೆಟ್ಟಗಾಯಿತು. ರಸ್ತೆಯ ನಡುವೆ ನಡೆಯತೊಡಗಿದಳು.

ಸುತ್ತಲಿನ ಊರುಗಳಲ್ಲೂ ತಂಡಗಳು ಹುಟ್ಟಿಕೊಂಡವು. ಅವುಗಳಲ್ಲಿ ಗಟ್ಟಿ ಕುಳಗಳೆಂದರೆ ಬಂದರಿನ ಹಗ್ಗದ ಕಾರ್ಖಾನೆಯ ಹೆಂಗಸರು. ಅವರ ಕಡೆ ಬಳೆ ಕಾಯುವವಳನ್ನು ಬೀಗ ಎಂದು ಕರೆಯುತ್ತಿದ್ದರು. ಕುಳ್ಳಿ. ಆದರೆ ಅವಳು ಕೈ ಎತ್ತಿ ನಿಂತರೆ ಸೊಳ್ಳೆಗೂ ದಾರಿಯಿಲ್ಲ. ಪ್ರಾಂತ್ಯದ ಕಪ್ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಆ ತಂಡ ನಮ್ಮ ಅಂಗಳಕ್ಕೆ ಬಂತು.

ಆ ಮಧ್ಯಾಹ್ನ ಅರ್ಧ ಆಟ ಮುಗಿಯುವಷ್ಟರಲ್ಲಿ ಮಂಜು ಇಳಿಯಿತು. ಮೊದಲು ಕಾರ್ಖಾನೆಯ ಚಿಮಣಿ ಹೋಯಿತು, ಆಮೇಲೆ ಗೋಡೆ, ಆಮೇಲೆ ನೋಡುತ್ತಿದ್ದ ಜನ. ಚಪ್ಪಾಳೆ ಮಾತ್ರ ಎಲ್ಲಿಂದಲೋ ಕೇಳಿಸುತ್ತಿತ್ತು. ರೆಫ್ರಿಯಾಗಿದ್ದ ಶಾಲೆಯ ಟೀಚರು ನಿಲ್ಲಿಸೋಣವೇ ಎಂದು ಕೇಳಿದರೆ ಎರಡೂ ಕಡೆಯವರು ಒಪ್ಪಲಿಲ್ಲ. ಬಿಳಿಯೊಳಗಿಂದ ಚೆಂಡು ತಟ್ಟನೆ ಕೈಗೆ ಬರುತ್ತಿತ್ತು. ಯಾರು ಕೊಟ್ಟರೋ ಗೊತ್ತಿಲ್ಲ. ಹೆಸರು ಕೂಗಿದ ಕಡೆಗೆ ಕೊಡುವುದು, ಅಷ್ಟೇ.

ಎರಡೂ ತಂಡ ಸಮಸಮ. ಕೊನೆಯ ಗಳಿಗೆಯಲ್ಲಿ ಚೆಂಡು ಅಮ್ಮನ ಕೈಗೆ ಬಂತು. ಅವಳಿಗೆ ಕಂಡದ್ದು ಎದುರಿಗೆ ಎತ್ತಿದ ಎರಡು ಅಂಗೈ ಮಾತ್ರ. ಬಳೆ ಕಾಣಲಿಲ್ಲ. ಅದು ಇರಬೇಕಾದ ಕಡೆಗೆ ಎಸೆದಳು. ಚೆಂಡು ಮಂಜಿನೊಳಗೆ ಹೋಯಿತು. ಅದು ನೆಲಕ್ಕೆ ಬಿದ್ದ ಸದ್ದೂ ಸೀಟಿಯೂ ಒಟ್ಟಿಗೇ ಕೇಳಿಸಿದವು.

ಟೀಚರು ಓಡಿಬಂದರು. "ಬಳೆಯೊಳಗೆ ಹೋಯ್ತೇನಮ್ಮಾ? ನಂಗೆ ಏನೂ ಕಾಣ್ಲಿಲ್ಲ."

"ಗೊತ್ತಿಲ್ಲ ಮೇಡಂ," ಎಂದಳು ಅಮ್ಮ. "ನಂಗೂ ಕಾಣ್ಲಿಲ್ಲ."

ನಮ್ಮವರೆಲ್ಲ ತಲೆಯ ಮೇಲೆ ಕೈ ಹೊತ್ತರು. ಆಗ ಬೀಗ ಕೈ ಇಳಿಸಿ ಹೇಳಿದಳು, "ಹೋಯ್ತು. ಬಲೆ ನನ್ನ ಬೆನ್ನ ಹಿಂದೆ ಉಸಿರು ಬಿಟ್ಟ ಹಾಗಾಯ್ತು. ನಂಗೆ ಕೇಳಿಸ್ತು."

ಕಪ್ ನಮ್ಮದಾಯಿತು. ಬಂದರಿನ ತಂಡದ ನಾಯಕಿ ಬೀಗಳ ಸ್ವಂತ ಚಿಕ್ಕಮ್ಮ. "ಉಂಡ ಮನೆಗೆ ಎರಡು ಬಗೆದೆ," ಎಂದು ಎಲ್ಲರೆದುರು ಅಂದಳು. ಅವರ ಬಸ್ಸು ಹೊರಟಾಗ ಬೀಗಳನ್ನು ಯಾರೂ ಕರೆಯಲಿಲ್ಲ.

ಕಾರ್ಖಾನೆಯ ಗೇಟಿನ ಬಳಿ ಆಟದ ಲಂಗದ ಮೇಲೆ ಕೋಟು ಹಾಕಿಕೊಂಡು ನಿಂತಿದ್ದ ಅವಳನ್ನು ಕಂಡವಳು ಅಮ್ಮ. ಅಮ್ಮನ ಅಣ್ಣ, ನನ್ನ ಸೋದರಮಾವ, ಬೇಕರಿ ವ್ಯಾನ್ ಓಡಿಸುತ್ತಿದ್ದ. ತಂಗಿಯನ್ನು ಕರೆದೊಯ್ಯಲು ಬಂದವನು ಒಂದೂ ಮಾತಾಡದೆ ಹಿಂದಿನ ಬಾಗಿಲು ತೆರೆದ. ಮಾತೆಂದರೆ ಮಾವನಿಗೆ ಮಾರುದೂರ.

ಬಂದರಿನ ದಾರಿಯಲ್ಲಿ ಮಂಜು ಇನ್ನೂ ದಟ್ಟವಾಗಿತ್ತು. ದೀಪ ಹಾಕಿದರೆ ಎದುರಿಗೆ ಬಿಳಿ ಗೋಡೆ. ಕೊನೆಗೆ ಅಮ್ಮ ಇಳಿದು, ಹಳದಿ ಕೊಡೆ ಬಿಚ್ಚಿ ಹಿಡಿದು ವ್ಯಾನಿನ ಮುಂದೆ ನಡೆದಳು. ಮಾವ ಆ ಹಳದಿಯನ್ನೇ ನೋಡುತ್ತ ನಡಿಗೆಯ ವೇಗದಲ್ಲಿ ಹಿಂಬಾಲಿಸಿದ. ಅಮ್ಮನಿಗೆ ಸುಸ್ತಾದಾಗ ಬೀಗ ಇಳಿದಳು. ಒಂದು ಬದಿಯಲ್ಲಿ ಕಾಣದ ಸಮುದ್ರ ಮಗ್ಗುಲು ಬದಲಿಸುತ್ತಿತ್ತು. ಒಮ್ಮೆ ಅಮ್ಮನಿಗೆ ತಾನು ನಡೆಯುತ್ತಲೇ ಇಲ್ಲ, ರಸ್ತೆಯೇ ಕಾಲ ಕೆಳಗೆ ಹರಿಯುತ್ತಿದೆ ಅನ್ನಿಸಿತಂತೆ. ವ್ಯಾನಿನ ತುಂಬ ಬೆಳಗಿನ ಬ್ರೆಡ್ಡಿನ ವಾಸನೆ. ಇಡೀ ದಾರಿಗೆ ಮಾವ ಆಡಿದ್ದು ಒಂದೇ ಮಾತು:

"ಬನ್ ತಿಂತೀರಾ?"

"ಎರಡಿದ್ರೆ ಕೊಡಿ," ಎಂದಳು ಬೀಗ.

ಮುಂದಿನ ವರ್ಷ ಬೀಗಳ ಮನೆಯವರು ನಮಗೆ ಬೀಗರಾದರು. ಈ ಮಾತನ್ನು ಕಾರ್ಖಾನೆಯಲ್ಲಿ ಎಷ್ಟು ಸಲ ಹೇಳಿ ನಕ್ಕರೋ! ಮಾವನನ್ನು ಮದುವೆಯಾಗಿ ಬಂದವಳು ನಮ್ಮ ಸಂಘಕ್ಕೇ ಸೇರಿದಳು. ಒಂದು ತುದಿಯಲ್ಲಿ ಏಣಿ ಚೆಂಡು ಹಾಕುವುದು, ಇನ್ನೊಂದು ತುದಿಯಲ್ಲಿ ಬೀಗ ತಡೆಯುವುದು. ಆ ಕಾಲದಲ್ಲಿ ಕೊಡೆ ಸಂಘ ಸೋತದ್ದು ಅಪರೂಪ. ನಾನು ಹುಟ್ಟಿದ ಮೇಲೆ ಬೀಗತ್ತೆಯ ತೊಡೆಯ ಮೇಲೆ ಕುಳಿತು ಅಮ್ಮನ ಆಟ ನೋಡಿದೆ, ಅಮ್ಮನ ತೊಡೆಯ ಮೇಲೆ ಕುಳಿತು ಬೀಗತ್ತೆಯ ಆಟ ನೋಡಿದೆ.

ಆಮೇಲೆ ಕಾರ್ಖಾನೆ ಮುಚ್ಚಿತು. ಅಂಗಳ ಕೈಬಿಟ್ಟಾಗ ನಾವು ಕಂಬಗಳನ್ನು ಕಿತ್ತು ವ್ಯಾನಿನ ಮೇಲೆ ಕಟ್ಟಿಕೊಂಡು ಜಾಗ ಹುಡುಕುತ್ತ ತಿರುಗಿದೆವು. ಸಿಕ್ಕಿದ್ದು ಊರಿನ ಈಜುಕೊಳ. ಅದು ಸೋರಿ, ಖಾಲಿಯಾಗಿ, ಎಷ್ಟೋ ಕಾಲದಿಂದ ಹಾಗೇ ಬಿದ್ದಿತ್ತು. ಅದರ ತಳದಲ್ಲಿ ಬಿಳಿ ಬಣ್ಣದಿಂದ ಗೆರೆ ಎಳೆದು ಅಭ್ಯಾಸ ಮಾಡಿದೆವು. ಸುತ್ತಲೂ ನೀಲಿ ಹಂಚು. ತಳ ಒಂದು ಕಡೆಗೆ ಸ್ವಲ್ಪ ಇಳಿಜಾರು. ಹೊಸಬರು ಎಡವುತ್ತಿದ್ದರು, ನಮಗೆ ಅಂಗಾಲಿನಲ್ಲೇ ಲೆಕ್ಕ ಗೊತ್ತಿತ್ತು. ಯಾರಾದರೂ "ಇಲ್ಲಿ!" ಎಂದರೆ ನಾಲ್ಕೂ ಗೋಡೆಗಳು "ಇಲ್ಲಿ, ಇಲ್ಲಿ" ಎನ್ನುತ್ತಿದ್ದವು. ಮೇಲೆ ಮೋಡ ಸರಿದಾಗ ಅದರ ನೆರಳು ಹಂಚಿನ ಮೇಲೆ ಹಾಯ್ದುಹೋಗುತ್ತಿತ್ತು, ತಲೆಯ ಮೇಲೆ ನೀರಿದ್ದ ಹಾಗೆ. ನಾನು ಆಟ ಕಲಿತದ್ದೂ, ಆಮೇಲೆ ಹುಡುಗಿಯರಿಗೆ ಕಲಿಸಿದ್ದೂ ಅಲ್ಲೇ.

ಕಳೆದ ವರ್ಷ ನಮಗೆ ಆಡಲು ಶಾಲೆಯ ಒಳಾಂಗಣ ಸಿಕ್ಕಿತು. ನಗರಸಭೆ ಕೊಳ ರಿಪೇರಿ ಮಾಡಿಸಿ ನೀರು ಬಿಟ್ಟಿತು. ನೋಡಬೇಕೆಂದು ಅಮ್ಮ ಹಟ ಹಿಡಿದಳು. ಒಂದು ಬೆಳಿಗ್ಗೆ ಅಮ್ಮ, ಬೀಗತ್ತೆ ಇಬ್ಬರನ್ನೂ ಕರೆದುಕೊಂಡು ಹೋದೆ. ಈಜುವವರು ಇನ್ನೂ ಬಂದಿರಲಿಲ್ಲ. ಇಬ್ಬರೂ ಚಪ್ಪಲಿ ಕಳಚಿ ಅಂಚಿನಲ್ಲಿ ಕುಳಿತು ನೀರಿಗೆ ಕಾಲು ಇಳಿಬಿಟ್ಟರು.

"ಅತ್ತಿಗೆ," ಎಂದಳು ಅಮ್ಮ. "ಒಂದು ಮಾತು ಕೇಳ್ಲಾ? ಅವತ್ತು ಮಂಜಲ್ಲಿ ಚೆಂಡು ಕೈ ಬಿಡುವಾಗಲೇ ಸ್ವಲ್ಪ ಜಾರಿತ್ತು. ನಂಗೆ ಯಾವತ್ತೂ ನಂಬಿಕೆ ಬರ್ಲಿಲ್ಲ. ನಿಜವಾಗ್ಲೂ ಹೋಯ್ತಾ?"

ಬೀಗತ್ತೆ ತಿರುಗಿ ಅವಳನ್ನು ದಿಟ್ಟಿಸಿದಳು. "ಹುಚ್ಚೀ, ಇಷ್ಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ? ಹೋಯ್ತು ಅಂದ್ನಲ್ಲ."

"ನೀನು ಒಳ್ಳೆಯವಳು. ನಂಗೋಸ್ಕರ ಅಂದ್ಯೇನೋ ಅಂತ..."

"ಆಗ ನೀನು ನಂಗೇನಾಗಬೇಕಿತ್ತು? ಒಳ್ಳೆಯವಳೂ ಅಲ್ಲ ನಾನು. ಕೇಳಿಸ್ದಾಗ್ಲೇ 'ಇಲ್ಲ' ಅನ್ನೋದು ನಾಲಗೆ ತುದೀಲಿತ್ತು. ನೀನು ಹೋಯ್ತು ಅಂತ ಕೂಗಿದ್ರೆ, ಸುಳ್ಳು ಅಂತ ನಾನೂ ಕೂಗ್ತಿದ್ದೆ. ನೀನು ನೋಡಿದ್ರೆ ಗೊತ್ತಿಲ್ಲ ಅಂದೆ. ಆಮೇಲೆ ನಾನು ಹ್ಯಾಗೆ ಸುಳ್ಳು ಹೇಳ್ಲಿ?"

ಅಮ್ಮ ಅತ್ತಿಗೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅದನ್ನು ಮೊದಲ ಸಲ ನೋಡುವವಳಂತೆ ಮಗುಚಿ ಮಗುಚಿ ನೋಡಿದಳು. ಅವಳ ಕಣ್ಣು ತುಂಬಿತ್ತು, ಮುಖ ಮಾತ್ರ ನಗುತ್ತಿತ್ತು.

"ಅವತ್ತು ಬಸ್ಸು ಹೋಯ್ತಲ್ಲ," ಎಂದಳು ಆಮೇಲೆ, "ಭಯ ಆಗ್ಲಿಲ್ವಾ?"

"ಆಯ್ತು. ಹಸಿವೂ ಆಗಿತ್ತು."

ನೀರಿನಡಿಯಲ್ಲಿ ನಾವು ಎಳೆದ ಗೆರೆಗಳನ್ನು ಯಾರೂ ಅಳಿಸಿರಲಿಲ್ಲ. ಬಳೆಯ ಮುಂದಿದ್ದ ಬಿಳಿಯ ಅರ್ಧಚಂದ್ರ ಅಲುಗುತ್ತ, ಒಡೆಯುತ್ತ, ಮತ್ತೆ ಕೂಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮೊದಲ ಈಜುಗಾರ್ತಿ ಬಂದು ಸದ್ದಿಲ್ಲದೆ ಇಳಿದಳು. ಅವಳ ನೆರಳು ನೀರಿನಡಿಯ ಅಂಗಳದ ಈ ತುದಿಯಿಂದ ಆ ತುದಿಗೆ ತೇಲಿ ಹೋಗುವುದನ್ನು ಇಬ್ಬರೂ ಕತ್ತು ಮುಂದೆ ಚಾಚಿ ನೋಡಿದರು.

"ಚೆಂಡು ಪಾಸ್ ಮಾಡೋಕೆ ಅವಳಿಗೆ ಯಾರೂ ಇಲ್ವಲ್ಲೇ ಪಾಪ," ಎಂದಳು ಬೀಗತ್ತೆ.