ಹನ್ನೊಂದು ಒಂದುಗಳು

ಗಣಿತದ ಮೇಷ್ಟ್ರು ತರಗತಿಗೆ ಕಾಲಿಟ್ಟರೆ ಗೋಡೆ ಗಡಿಯಾರವೂ ತನ್ನ ಮುಳ್ಳು ಸರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಿತ್ತು. ಮೂವತ್ತು ವರ್ಷ ಅವರು ಮಕ್ಕಳ ಪುಸ್ತಕಗಳ ಮೇಲೆ ಸುರಿದ ಕೆಂಪು ಶಾಯಿಯಲ್ಲಿ ಹಡಗು ತೇಲಿಸಬಹುದಿತ್ತು. ಅಂಥವರು ನಿವೃತ್ತಿಯ ದಿನಕ್ಕೆಂದು ಒಂದು ಸಂಖ್ಯೆಯನ್ನು ಸಾಕಿದ್ದರು: ಹನ್ನೊಂದು ಒಂದುಗಳನ್ನು ಸಾಲಾಗಿ ನಿಲ್ಲಿಸಿದ್ದು. ಸಾವಿರದ ನೂರ ಹನ್ನೊಂದು ಕೋಟಿ, ಮೇಲಷ್ಟು ಚಿಲ್ಲರೆ. ಅದು ಅವಿಭಾಜ್ಯ, ಒಂದು ಮತ್ತು ತಾನು ಬಿಟ್ಟರೆ ಇನ್ಯಾವುದಕ್ಕೂ ಬಗ್ಗುವುದಲ್ಲ ಎಂದು ಬೀಳ್ಕೊಡುಗೆಯ ವೇದಿಕೆಯಲ್ಲಿ ತೋರಿಸಿಬಿಟ್ಟರೆ, ತಮ್ಮನ್ನು ಬರೀ ಸಿಡುಕ ಎನ್ನುವ ಬಾಯಿಗಳೆಲ್ಲ ಮುಚ್ಚುತ್ತವೆಂಬುದು ಅವರ ಆಸೆ.

ಅದಕ್ಕೆ ಒಂದು ಲಕ್ಷದ ಆಚೆಯವರೆಗಿನ ಹತ್ತು ಸಾವಿರ ಚಿಕ್ಕ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ಯಂತ್ರ ಮುಟ್ಟಿದ ಸಂಖ್ಯೆ ಎಂಜಲು ಎಂದು ಮೇಷ್ಟ್ರು ಕಂಪ್ಯೂಟರನ್ನು ದೂರವಿಟ್ಟರು. ಅರ್ಧ ತಾವು, ಉಳಿದರ್ಧ ಮನೆಯಲ್ಲೇ ಶರ್ಟಿಗೆ ಕಾಜಾ ಹೊಲಿಯುವ ತಂಗಿ. ದಿನಾ ಸಂಜೆ ಎರಡು ಗಂಟೆ, ಆರು ವರ್ಷ. ನಿಯಮ ಒಂದೇ: ಶೇಷ ಸೊನ್ನೆ ಬಂತೆಂದರೆ ಲೆಕ್ಕ ತಪ್ಪಿದೆ.

"ಅಣ್ಣಾ, ಸೊನ್ನೆ ಬಂತು."

"ಮತ್ತೆ ಮಾಡು." ತಲೆ ಎತ್ತುತ್ತಲೂ ಇರಲಿಲ್ಲ.

ಬೀಳ್ಕೊಡುಗೆಯ ದಿನ ಬಂತು. ಮೇಷ್ಟ್ರು ನಲವತ್ತು ನೋಟುಪುಸ್ತಕಗಳನ್ನು ಮೇಜಿನ ಮೇಲೆ ಗೋಪುರ ಕಟ್ಟಿ, ಸಂಖ್ಯೆಯನ್ನು ಬೋರ್ಡಿನ ಉದ್ದಕ್ಕೂ ಬರೆದು, ಮೀಸೆ ಮುಟ್ಟಿಕೊಂಡರು. ಕೂಡಿಸಲು ಬೆರಳು ಮಡಚುವ ಡ್ರಿಲ್ ಮಾಸ್ತರು ಆಕಳಿಸುತ್ತಾ ಮೊಬೈಲು ಒತ್ತಿದರು.

"ಸಾರ್, ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರಿಂದ ಭಾಗ ಹೋಗುತ್ತಂತಲ್ಲ!"

ಎದ್ದ ನಗು ಸಭಾಂಗಣದ ಛಾವಣಿಯನ್ನು ಕಿತ್ತು ಪಕ್ಕದ ಬೀದಿಯಲ್ಲಿ ಇಳಿಸಿತು.

ಮನೆಗೆ ಬಂದವರೇ ಮೇಷ್ಟ್ರು ತಂಗಿಯ ಪುಸ್ತಕಗಳಲ್ಲಿ ಆ ಪುಟ ಹುಡುಕಿದರು. ಒಂಬತ್ತು ಸಲ ಭಾಗಿಸಿದ್ದಳು. ಒಂಬತ್ತು ಸೊನ್ನೆ. ಹತ್ತನೆಯದರ ಕೆಳಗೆ ಮಾತ್ರ ಶೇಷ ಒಂದು.

"ಏನೇ ಇದು?"

ತಂಗಿ ಹೊಲಿಗೆ ಯಂತ್ರದಿಂದ ಕಾಲು ತೆಗೆಯಲಿಲ್ಲ. "ಒಂಬತ್ತು ಸಲ ಸೊನ್ನೆ ಅಂದೆ. ಒಂಬತ್ತು ಸಲ ನೀನು ಮತ್ತೆ ಮಾಡು ಅಂದೆ. ನನಗೆ ಇನ್ನೂರು ಕಾಜಾ ಬಾಕಿ ಇತ್ತು. ನಿನಗೆ ಬೇಕಾದ್ದು ಬರೆದು ಎದ್ದೆ."

"ಆಮೇಲೂ ನಾಲ್ಕು ವರ್ಷ ಕೂತು ಭಾಗಿಸಿದ್ಯಲ್ಲೇ!"

"ಯಾರು ಭಾಗಿಸಿದ್ರು? ಕೈಗೆ ಬಂದ ಅಂಕಿ ತುಂಬಿದೆ. ನೀನು ಒಂದು ದಿನಾನಾದ್ರೂ ತೆಗೆದು ನೋಡಿದ್ರೆ ತಾನೆ?"

ಊರಿನ ಮಕ್ಕಳ ತಪ್ಪನ್ನೆಲ್ಲ ಹಿಡಿದ ಕೆಂಪು ಪೆನ್ನು ತೆಗೆದುಕೊಂಡು ಮೇಷ್ಟ್ರು ಕೂತರು. ತಾವೇ ಭಾಗಿಸಿದರು. ಸೊನ್ನೆ ಬಂತು.

ಪುಟ ತಿರುವಿ, ಮತ್ತೆ ಮಾಡಿದರು.