ಉತ್ತರಕ್ಕೆ ಒಂದು ಬೆರಳಷ್ಟು

ಮೊದಲ ಕಟ್ಟು ಮೇದಿನಿಯ ಕಿವಿಗೆ ಬಡಿದು, ಬಾಲ್ಕನಿಯ ಕಂಬಿ ದಾಟಿ ಕೆಳಗೆ ಬಿತ್ತು. ದಾರ ಹರಿದು ಕಂಪ್ಯೂಟರ್ ಮ್ಯಾಗಜೀನುಗಳು ಕ್ವಾರ್ಟರ್ಸಿನ ಅಂಗಳದ ತುಂಬ ಚೆಲ್ಲಿದವು. ದಸರೆಯ ರಾವಣನಿಗೆ ತುಂಬಲು ರದ್ದಿ ಕಾಗದ ಕೂಡಿಸುತ್ತಿದ್ದ ಕಾಲನಿಯ ಹುಡುಗರು ತಲೆಯೆತ್ತಿದರು.

"ಅಂಕಲ್, ಔರ್ ಹೈ ಕ್ಯಾ? ರಾವಣ್ ಕಾ ಪೇಟ್ ಅಭೀ ಖಾಲೀ ಹೈ."

"ಭಾಳ ಅದಾವ, ನಿಂದರ್ರಿ," ಎಂದ ಮೇದಿನಿಯ ಅಪ್ಪ ಭೀಮಸೇನ, ಅವರಿಗೆ ತಿಳಿಯದ ಕನ್ನಡದಲ್ಲೇ. ಇನ್ನೊಂದು ಕಟ್ಟಿಗೆ ಕೈ ಹಾಕಿದ. ಮೇದಿನಿ ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ಅವನು ಅವಳನ್ನು ಎಳೆದು ಮಂಚದ ಮೇಲೆ ಕೆಡವಿದ. ಅಷ್ಟರಲ್ಲಿ ಆಫೀಸಿನ ಬಸ್ಸು ಹಾರ್ನ್ ಹೊಡೆಯಿತು. ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಧಾರವಾಡದಿಂದ ಗುಜರಾತಿನ ಕೊಯಾಲಿಯ ಟೌನ್‌ಶಿಪ್ಪಿಗೆ ಬಂದಾಗಿನಿಂದ ಭೀಮಸೇನ ಆಫೀಸಿನ ದೊಡ್ಡ ಕಂಪ್ಯೂಟರಿನ ಮನುಷ್ಯ. ಅದರ ಪುಸ್ತಕ, ಅದರ ಮ್ಯಾಗಜೀನು, ಅದರದೇ ಮಾತು. ಹೋದ ತಿಂಗಳು ಆ ಯಂತ್ರವನ್ನು ಬಿಚ್ಚಿ ಲಾರಿಗೆ ಹೇರಿದರು. ಮೇಜಿಗೊಂದು ಸಣ್ಣ ಕಂಪ್ಯೂಟರ್ ಬಂತು, ಅದರ ಹಿಂದೆ ಹೊಸ ಹುಡುಗರು ಬಂದರು, ಭೀಮಸೇನನನ್ನು ಕ್ಯಾಂಟೀನಿನ ಉಗ್ರಾಣಕ್ಕೆ ಹಾಕಿದರು. ಮೊದಲೂ ಹೆಂಡತಿ ಮಗಳನ್ನು ಹೊಡೆಯುತ್ತಿದ್ದ. ಈಗ ಕಾರಣ ಹುಡುಕುವುದನ್ನು ಬಿಟ್ಟಿದ್ದ.

ಪುಸ್ತಕಗಳಿಗೆ ಬೇರೆ ಮನೆ ಹುಡುಕಿದ್ದು ಮೇದಿನಿ. ಫತೇಗಂಜಿನಲ್ಲಿ ಪೂರ್ವಿಬೆನ್ ಎಂಬಾಕೆ ತಮ್ಮ ಕಾರ್ ಶೆಡ್ಡಿನಲ್ಲೇ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕ್ಲಾಸು ತೆರೆದಿದ್ದರು. ಎರಡು ಯಂತ್ರ ಇದ್ದವು, ಓದಲು ಒಂದು ಹಾಳೆಯೂ ಇರಲಿಲ್ಲ. "ಹಳೆಯದಾದರೂ ನಡೀತದೆ, ತಗೊಂಡು ಬಾ. ಕಲಿಸೋದಕ್ಕೆ ನೀನೇ ಇರು," ಎಂದಿದ್ದರು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಏಟು ತಿನ್ನುತ್ತ ಕೂತ ಮೇದಿನಿಗೆ ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ.

"ಅವು ನನ್ನವು," ಎಂದಿದ್ದ ಭೀಮಸೇನ. "ನನ್ನವು ನಾ ಸುಡ್ತೀನಿ."

ಸಂಜೆ ಅವನು ಬಂದಾಗ ಕಪಾಟು ಬರಿದಾಗಿತ್ತು. ದೇವರ ಮುಂದೆ ಮಣೆಗಳ ಮೇಲೆ ಅಷ್ಟೂ ಪುಸ್ತಕ, ಅಂಗಳದಿಂದ ಆರಿಸಿ ತಂದವೂ ಸೇರಿ, ಎದೆಮಟ್ಟ ನಿಂತಿದ್ದವು. ಮೇಲೆ ಅವನ ಹೆಂಡತಿ ತಾರಾಳ ಮದುವೆಯ ಸೀರೆ, ಸರಸ್ವತಿಯ ಪಟ, ಹೂವು.

"ಇದೇನಿದು?"

"ಇವತ್ತ ಮೂಲಾ ನಕ್ಷತ್ರ. ಸರಸ್ವತಿ ಕೂಡಿಸೇನಿ," ಎಂದಳು ತಾರಾ.

"ಇವನ್ಯಾಕ ಇಟ್ಟಿ?"

"ಪುಸ್ತಕ ಅಲ್ಲೇನ್ರಿ ಅವು?"

ಸರಸ್ವತಿ ಕೂತ ಪುಸ್ತಕವನ್ನು ದಶಮಿಯ ವಿಸರ್ಜನೆಯವರೆಗೆ ಓದುವಂತಿಲ್ಲ, ಕದಲಿಸುವಂತಿಲ್ಲ. ಒಂದು ಹೊತ್ತೂ ಸಂಧ್ಯಾವಂದನೆ ಬಿಡದ ಭೀಮಸೇನ ಪುಸ್ತಕಗಳನ್ನು ಮುಟ್ಟಲಿಲ್ಲ. ತಾರಾಳ ಕೆನ್ನೆಗೆ ಬಿಗಿದ. ಅವಳು ಗೋಡೆ ಹಿಡಿದು ನಿಂತ ಮೇಲೆ ಇನ್ನೊಂದು ಬಿಗಿದ.

"ದಶಮಿ ದಿನಾ ವಿಸರ್ಜನ ಮಾಡಾಂವ ನಾನು," ಎಂದ. "ಸಂಜೀಕ ಅಷ್ಟೂ ರಾವಣಗ ಕೊಡಾಂವನೂ ನಾನು."

ಮರುದಿನ ತಾಯಿ ಮಗಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಉಪಾಯ ಹೂಡಿದರು.

"ದಸರಾ ಮುಂಜಾನೆ ಟೆಂಪೋ ತರ್ಲಿಕ್ಕೆ ಪೂರ್ವಿಬೆನ್‌ಗ ಹೇಳು," ಎಂದಳು ತಾರಾ. "ಅವರು ಜಳಕಕ್ಕ ಹೋದಾಗ ನಾ ವಿಸರ್ಜನ ಮಾಡ್ತೀನಿ."

"ಲೇಡೀಸ್ ಮಾಡಬಹುದಾ ಅಮ್ಮಾ?"

"ಯಾಕ, ಸರಸ್ವತಿ ಏನ್ ಗಂಡಸೇನು?"

ಮೇದಿನಿಗೆ ನಗು ಬಂತು. ತಾರಾಳಿಗೆ ನಗಲು ದವಡೆ ನೋಯುತ್ತಿತ್ತು. "ನೀ ಮಾತ್ರ ಅವತ್ತ ಜಳಕ ಮಾಡಬ್ಯಾಡ. ಅವರು ಮಡಿ ಉಟ್ಟು ಬರ್ತಾರ. ಮಡಿಯೊಳಗ ಮೈಲಿಗಿ ಮಂದೀನ್ನ ಮುಟ್ಟಂಗಿಲ್ಲ. ಲಗ್ನಾದಾಗಿಂದ ನೋಡೇನಿ, ಮಡಿಯೊಳಗ ಒಮ್ಮೆನೂ ಕೈ ಎತ್ತಿಲ್ಲ."

ದಶಮಿಯ ಬೆಳಿಗ್ಗೆ ಬಚ್ಚಲಲ್ಲಿ ನೀರಿನ ಸದ್ದು ಶುರುವಾಯಿತು. ತಾರಾ ಆಗಲೇ ಮಡಿಯಲ್ಲಿದ್ದಳು. ಪಟ ತೆಗೆದು, ಸೀರೆ ಎತ್ತಿ, ಪುಸ್ತಕಗಳ ಮೇಲೆ ಅಕ್ಷತೆ ಹಾಕಿದಳು. ಅಂಗೈಯಿಂದ ಒಂದು ರಾಶಿಯನ್ನು ಉತ್ತರಕ್ಕೆ ಒಂದು ಬೆರಳಷ್ಟು ಸರಿಸಿದಳು. "ಹೋಗಿ ಬಾರವ್ವಾ," ಎಂದಳು. ಅಲ್ಲಿಗೆ ವಿಸರ್ಜನೆ ಮುಗಿಯಿತು. ಟೆಂಪೋ ಕೆಳಗೆ ಬಂದು ನಿಂತಿತ್ತು. ಮೇದಿನಿ ಮೊದಲ ಹೊರೆ ಎತ್ತಿದಳು.

ಮೂರನೇ ಸಲ ಮೇಲೆ ಬಂದಾಗ ಭೀಮಸೇನ ಒದ್ದೆ ಪಂಚೆಯಲ್ಲಿ ನಡುಮನೆಯಲ್ಲಿ ನಿಂತಿದ್ದ.

"ಕೆಳಗಿಡು ಅದನ್ನ."

"ಅಪ್ಪಾ, ನಾ ಸ್ನಾನ ಮಾಡಿಲ್ಲ. ಮುಟ್ಟಬ್ಯಾಡ್ರಿ."

ಅವನ ಕೈ ಮೇಲೆದ್ದದ್ದು ಹಾಗೇ ನಿಂತಿತು. ಮೇದಿನಿ ನಡೆದಳು. ಮೈ ತಾಗೀತೆಂದು ಅವನೇ ಗೋಡೆಗೆ ಒತ್ತಿಕೊಂಡ. ಬಾಯಿ ಮಾತ್ರ ನಿಲ್ಲಲಿಲ್ಲ, ಕತ್ತೆ ಎಂದ, ಹಾದರಗಿತ್ತಿ ಎಂದ, ಹೆತ್ತವಳಿಗೂ ಬೈದ. ಅವಳು ಹೋದಳು, ಬಂದಳು. ಪ್ರತಿ ಸಲ ಅವನು ಗೋಡೆಗೆ ಸರಿದ. ಆರೇಳು ಹೊರೆ ಹೀಗೇ ಇಳಿದವು. ಮೇದಿನಿಗೆ ಒಳಗೊಳಗೇ ಕುಣಿಯುವಷ್ಟು ಹಗುರವಾಗಿತ್ತು.

ಆಮೇಲೆ ಅವಳು ಕೆಂಪು ರಟ್ಟಿನ ದಪ್ಪ ಪುಸ್ತಕವನ್ನು ಎತ್ತಿದಳು. ಲಾರಿಗೆ ಹೇರಿದ ಆ ದೊಡ್ಡ ಯಂತ್ರದ್ದು.

ಜಡೆ ಹಿಂದಿನಿಂದ ಎಳೆದದ್ದು ಗೊತ್ತಾಯಿತು. ಮುಖ ಬಾಗಿಲ ಚೌಕಟ್ಟಿಗೆ ಹೋಗಿ ಬಡಿಯಿತು. ತುಟಿ ಸೀಳಿ ಬಾಯಿ ಉಪ್ಪಾಯಿತು. ಅವನು ಮತ್ತೆ ಎಳೆದ, ಮತ್ತೆ ಬಡಿದ. ಮೇದಿನಿ ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ, ಎರಡೂ ಕೈ ಪುಸ್ತಕವನ್ನು ಎದೆಗೆ ಒತ್ತಿದ್ದವು. ಅವಳು ಕುಸಿದ ಮೇಲೆ ಅವನು ಬೆನ್ನಿಗೆ ಒದೆಯತೊಡಗಿದ. ಪಂಚೆಯ ನೀರು ಅವಳ ಕುತ್ತಿಗೆಯ ಮೇಲೆ ಬೀಳುತ್ತಿತ್ತು.

ತಾರಾ ದೇವರ ಮುಂದಿನ ತುಂಬಿದ ತಂಬಿಗೆ ಎತ್ತಿ ಅವನ ಹಣೆಗೆ ಹೊಡೆದಳು. ಹಿತ್ತಾಳೆಯ ಸದ್ದಿಗೆ ಮೇದಿನಿ ಕಣ್ಣು ತೆರೆದಳು. ಅಪ್ಪ ಗೋಡೆಗೆ ಜಾರಿ ಕೂತಿದ್ದ. ಹುಬ್ಬಿನ ಮೇಲಿನಿಂದ ರಕ್ತ ಇಳಿದು ಒಂದು ಕಣ್ಣು ತುಂಬಿತ್ತು.

ತಾರಾ ಒಳಗೆ ಹೋಗಿ ಅರಿಶಿನದ ಡಬ್ಬಿ ತಂದಳು. ಒಂದು ಹಿಡಿ ತೆಗೆದು ಗಾಯಕ್ಕೆ ಮೆತ್ತಿ ಅಂಗೈಯಿಂದ ಒತ್ತಿದಳು. ಅವನ ತಲೆ ಗೋಡೆಗೆ ಅಂಟಿತು. ಇನ್ನೊಂದು ಕೈ ಅವನ ಭುಜದ ಮೇಲೆ ಇಟ್ಟಳು. ಮೊಣಕಾಲು ಪಂಚೆಯ ಅಂಚಿನ ಮೇಲೆ ಊರಿದಳು.

"ಬಿಡು."

"ಏಳಬ್ಯಾಡ್ರಿ. ರಕ್ತ ನಿಲ್ಲಬೇಕು."

"ಬಿಡಲೇ."

"ನಿಲ್ಲಲಿ." ಮಗಳತ್ತ ತಿರುಗದೆ ಹೇಳಿದಳು: "ಉಳಿದದ್ದು ಒಯ್ಯಿ."

ಮೇದಿನಿ ಎದ್ದಳು. ಪ್ರತಿ ಸಲ ಮೇಲೆ ಬಂದಾಗಲೂ ಅಮ್ಮ ಅದೇ ಭಂಗಿಯಲ್ಲಿದ್ದಳು, ಮೊಣಕೈವರೆಗೂ ಹಳದಿ, ಹಳದಿಯಲ್ಲಿ ಕೆಂಪು. ಕೊನೆಗೆ ಕೆಂಪು ರಟ್ಟಿನದೊಂದೇ ಉಳಿಯಿತು.

"ಅದೊಂದು ಬಿಟ್ಟು ಹೋಗು," ಎಂದ ಭೀಮಸೇನ, ಕಣ್ಣು ಮುಚ್ಚಿಕೊಂಡೇ.

ಮೇದಿನಿ ಅಮ್ಮನ ಕಡೆ ನೋಡಿದಳು. ಅದನ್ನೂ ಎತ್ತಿಕೊಂಡಳು.

"ಅಮ್ಮಾ, ನೀನೂ ಬಾ."

"ಕೈ ತಗದ್ರ ಏಳ್ತಾರ," ಎಂದಳು ತಾರಾ. "ನೀ ನಡಿ."

ಕೆಳಗೆ ಟೆಂಪೋದ ಮುಂದಿನ ಸೀಟಿನಲ್ಲಿ ಪೂರ್ವಿಬೆನ್ ಕೂತಿದ್ದರು. ಹಿಂದಿನಿಂದ ಹೊರೆ ಹಾಕುತ್ತಿದ್ದವಳ ಬಾಯಿ ಈಗಷ್ಟೇ ಕಂಡು ಬಾಗಿಲು ತೆರೆಯಲು ಹೋದರು.

"ಅರೇ, ಶು ಥಯುಂ?" ಏನಾಯಿತೆಂದು ಕೇಳಿದರು.

"ದರ್ವಾಜೋ ವಾಗ್ಯೋ," ಎಂದಳು ಮೇದಿನಿ, ಬಾಗಿಲು ಬಡಿಯಿತು ಅಂತ. ಪೂರ್ವಿಬೆನ್ ಮೆಟ್ಟಿಲ ಕಡೆ ಒಮ್ಮೆ ನೋಡಿದರು, ಮತ್ತೆ ಅವಳನ್ನು ನೋಡಿದರು, ಡ್ರೈವರನಿಗೆ ಹೊರಡು ಎಂದರು. ಮೇದಿನಿ ಹಾಳೆಗಳು ಹಾರದಂತೆ ಹಿಂದೆ ಪುಸ್ತಕಗಳ ಮೇಲೇ ಕೂತಳು.

ಫತೇಗಂಜಿನಲ್ಲಿ ದಸರೆಗೆ ತಿನ್ನುವ ಕಡಲೆಹಿಟ್ಟಿನ ಫಾಫ್ಡಾ, ಜಲೇಬಿಯ ಅಂಗಡಿಗಳ ಮುಂದೆ ಜನ ರಸ್ತೆಯವರೆಗೂ ನಿಂತಿದ್ದರು. ಟೆಂಪೋ ನಿಂತಿತು. ಪೂರ್ವಿಬೆನ್ ಇಳಿದು ಹೋಗಿ ಬಿಸಿ ಜಲೇಬಿಯೊಂದನ್ನು ತಂದು ಅವಳ ಕೈಗಿಟ್ಟರು. "ಇವತ್ತು ತಿನ್ನಲೇಬೇಕು," ಎಂದರು ಗುಜರಾತಿಯಲ್ಲಿ.

ತುಟಿ ತೆರೆಯಲು ಆಗಲಿಲ್ಲ. ಜಲೇಬಿಯ ಪಾಕ ಬೆರಳಿಂದ ಮಣಿಕಟ್ಟಿಗೆ ಇಳಿಯತೊಡಗಿತು. ಕೆಳಗೆ ತೊಡೆಗೆ ಒರಗಿ ಮ್ಯಾಗಜೀನುಗಳಿದ್ದವು. ಟೆಂಪೋ ಹೊರಟಿತು. ಮೇದಿನಿ ಆ ಕೈಯನ್ನು ಹಲಗೆಯ ಆಚೆ, ರಸ್ತೆಯ ಮೇಲೆ ಚಾಚಿ ಹಿಡಿದು ಕೂತಳು.