ಕಾಲುಂಗುರದ ಕರಾರು

ಜಕ್ಕಪ್ಪ ಮಾಸ್ತರರ ಮುಂದಿನ ಚಹಾ ಆರಿ ಕೆನೆಗಟ್ಟಿದರೂ ಸೋನಾಬಾಯಿ ಬಾಯಿ ಬಿಡಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಅವರು ತಂದ ಕಾಗದವನ್ನು ಓದಲು ಬಾರದಿದ್ದರೂ ಹಿಂದುಮುಂದು ತಿರುಗಿಸಿ ನೋಡುತ್ತಿದ್ದಳು. ಫ್ರಾನ್ಸಿನ ಯಾವುದೋ ಊರಿನ ಉತ್ಸವಕ್ಕೆ ಮಾಸ್ತರರು ಕಲಿಸುವ ಪಾಲಬಾವಿಯ ವ್ಯಾಯಾಮ ಶಾಲೆಗೆ ಕರೆ ಬಂದಿತ್ತು. ಭಾನುವಾರ ಚಿಕ್ಕೋಡಿಯಲ್ಲಿ ದಿಲ್ಲಿಯ ಸಾಹೇಬರೊಬ್ಬರು ಎಲ್ಲರ ಆಟ ನೋಡಿ ಹೆಸರು ಗಟ್ಟಿ ಮಾಡುವವರಿದ್ದರು. ಹಗ್ಗದ ಮಲ್ಲಕಂಬ ಆಡಲು ತಾರವ್ವನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ, ಸೊಸೆಯನ್ನು ಕಳಿಸಿಕೊಡಿ ಎಂದು ಮಾಸ್ತರರು ಮೂರನೆಯ ಸಲ ಕೇಳಿದರು.

ಸೊಸೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸೋನಾಬಾಯಿಗೆ ಮೈ ಉರಿಯುತ್ತಿತ್ತು. ಸತ್ತಿ ಊರಿನಲ್ಲಿ ಕಬ್ಬು, ದ್ರಾಕ್ಷಿ ತೋಟ ಇದ್ದ ಮನೆಗೆ ನಾಲ್ಕು ಕುರಿ, ಎರಡೆಕರೆಯವರ ಮಗಳು ಬಂದದ್ದು ಆಕೆಯ ಒಪ್ಪಿಗೆಯಿಂದಲ್ಲ. ಅಥಣಿಯಲ್ಲಿ ಆಟ ನೋಡಲು ಹೋದ ಮಗ ಅಣ್ಣಾಸಾಬ, ತಲೆಕೆಳಗಾಗಿ ತೂಗುತ್ತಿದ್ದವಳನ್ನು ನೋಡಿ ತನ್ನ ತಲೆ ಕೆಡಿಸಿಕೊಂಡು ಬಂದಿದ್ದ. ನಿಶ್ಚಯವಾದ ವಾರವೇ ಸಂತೆಯಲ್ಲಿ ಶೇಂಗಾ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆ ಬಿಚ್ಚಿದರೆ, ಮಾಸ್ಕೋದಲ್ಲಿ ಚಡ್ಡಿ ತೊಟ್ಟು ಹಗ್ಗಕ್ಕೆ ಜೋತುಬಿದ್ದ ಅದೇ ಹುಡುಗಿಯ ಫೋಟೋ! ಆ ಶೇಂಗಾ ಆಕೆ ತಿನ್ನಲಿಲ್ಲ. ಮದುವೆಯಾಗಿ ಎರಡು ವರ್ಷ ಕಳೆದರೂ ಅತ್ತೆ ಸೊಸೆ ಎಣ್ಣೆ ಸೀಗೆಕಾಯಿಯಂತೆಯೇ ಇದ್ದರು.

"ಹೋಗ್ಲಿ ಬಿಡ್ರಿ ಮಾಸ್ತರ್ರ, ನಾ ಬ್ಯಾಡ ಅನ್ನಾಂಗಿಲ್ಲ," ಎಂದಳು ಕೊನೆಗೆ. "ಆದ್ರ ಕಾಲುಂಗ್ರ ತೆಗ್ಯಾಂಗಿಲ್ಲ. ಗಂಡ ಇರೂತನಾ ಈ ಮನ್ಯಾಗ ಯಾರೂ ತೆಗದಿಲ್ಲ."

ಮಾಸ್ತರರ ಮುಖ ಇಳಿಯಿತು. ಈ ಆಟದಲ್ಲಿ ಹಗ್ಗಕ್ಕೆ ಗಂಟಿಲ್ಲ, ಆಸರೆಯಿಲ್ಲ. ಕಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಇಕ್ಕಳದಂತೆ ಹಿಡಿದರೆ ಮಾತ್ರ ಮೈ ಮೇಲೆ ನಿಲ್ಲುತ್ತದೆ. ಕಾಲುಂಗುರ ಕೂಡುವುದೂ ಅದೇ ಬೆರಳಿನಲ್ಲಿ. ಸೋನಾಬಾಯಿಗೆ ಇದು ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದಳು. ಹಾವು ಸಾಯಬೇಕು, ಕೋಲು ಮುರಿಯಬಾರದು.

ಆದರೆ ಎಲ್ಲವೂ ಕುತಂತ್ರವಾಗಿರಲಿಲ್ಲ. ಎಂಟು ವರ್ಷದ ಹಿಂದೆ ಗಂಡನ ಹೆಣ ಸುಟ್ಟ ದಿನ, ಕೃಷ್ಣೆಯ ದಂಡೆಯಲ್ಲಿ ಓಣಿಯ ಹೆಂಗಸರು ಸಾಬೂನು ಹಚ್ಚಿ ಆಕೆಯ ಕಾಲುಂಗುರ ಎಳೆದಿದ್ದರು. ಬೆರಳ ಮೇಲೆ ಅವುಗಳ ಬಿಳಿ ಗುರುತು ಇನ್ನೂ ಹೋಗಿರಲಿಲ್ಲ. ಮಗನ ಹೆಂಡತಿ ಅವನ್ನು ತೆಗೆದು ಗೂಡಿನಲ್ಲಿಟ್ಟು ಹಗ್ಗ ಹತ್ತುತ್ತಾಳೆಂದು ನೆನೆದರೆ ಆಕೆಗೆ ಮತ್ತೆ ಆ ದಂಡೆಯೇ ಕಣ್ಣಮುಂದೆ ಬರುತ್ತಿತ್ತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾರವ್ವ ಮಾಸ್ತರರ ಕಡೆ ನೋಡದೆ ಅತ್ತೆಯನ್ನೇ ನೋಡಿದಳು. "ಆತ್ರಿ ಅತ್ತಿ. ತೆಗ್ಯಾಂಗಿಲ್ಲ. ಮಾತ ಕೊಟ್ಟೇನಿ."

ಸೋನಾಬಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸೊಸೆ ಜಾರಿ ಬೀಳುವುದನ್ನು ಕಣ್ಣಾರೆ ನೋಡಬೇಕೆಂದು ಭಾನುವಾರ ತಾನೂ ಜೀಪು ಹತ್ತಿ ಚಿಕ್ಕೋಡಿಗೆ ಹೋದಳು. ಮೈದಾನದಲ್ಲಿ ಬಿಳಿಯ ಹಗ್ಗ ಇಳಿಬಿಟ್ಟಿದ್ದರು. ತಾರವ್ವ ಕಾಲುಂಗುರದ ಕಾಲಲ್ಲೇ ಹತ್ತಿದಳು. ಎರಡು ಸಲ ಜಾರಿದಳು, ಬೀಳಲಿಲ್ಲ. ತುದಿಗೆ ಹೋಗಿ, ಕೈ ಬಿಟ್ಟು, ಬಲಗಾಲಿನ ಎರಡು ಬೆರಳಲ್ಲಿ ಹಗ್ಗ ಕಚ್ಚಿ ತಲೆಕೆಳಗಾಗಿ ನಿಂತಳು. ದಿಲ್ಲಿಯ ಸಾಹೇಬರು ಚಪ್ಪಾಳೆ ತಟ್ಟಿದರು. ಅವಳು ಇಳಿದ ಮೇಲೆ ಹಗ್ಗದಲ್ಲಿ ಅಲ್ಲಲ್ಲಿ ಕುಂಕುಮ ಒರೆಸಿದಂತೆ ಕೆಂಪಾಗಿತ್ತು.

ಅವಳು ಕುಂಟುತ್ತ ನೇರ ಅತ್ತೆಯ ಬಳಿಗೇ ಬಂದು ಕಾಲು ಮುಂದೆ ಚಾಚಿದಳು. "ಐತಿ ನೋಡ್ರಿ," ಎಂದಳು. ಸೋನಾಬಾಯಿ ಮುಖ ತಿರುಗಿಸಿದಳು. ಹೆಸರು ಗಟ್ಟಿಯಾಗಿತ್ತು.

ತಂಡ ಹೊರಡಲು ಮೂರು ವಾರ ಇತ್ತು. ಆದರೆ ಮಂಗಳವಾರದ ಹೊತ್ತಿಗೆ ಬಲಗಾಲಿನ ಬೆರಳು ಬದನೆಕಾಯಿಯಂತೆ ಊದಿ, ಬೆಳ್ಳಿ ಮಾಂಸದೊಳಗೆ ಹೂತುಹೋಯಿತು. ಜ್ವರವೂ ಬಂತು. ಸೋನಾಬಾಯಿ ಅರಿಶಿಣ ಹಚ್ಚಿದರೆ ಇಳಿಯುತ್ತದೆಂದು ಹಟ ಹಿಡಿದಳು. ಬುಧವಾರ ಅಥಣಿಯ ಡಾಕ್ಟರು ಬಾವು ನೋಡಿ, ಮೊದಲು ಉಂಗುರ ಕೊಯ್ಯಿಸಿ, ಇಲ್ಲವಾದರೆ ಬೆರಳೇ ಹೋದೀತು ಎಂದರು. ಅಣ್ಣಾಸಾಬ ತಾಯಿಯನ್ನು ಕೇಳಲಿಲ್ಲ. ಮೋಟರ್ ಸೈಕಲ್ಲಿನ ಹಿಂದೆ ಅಕ್ಕಸಾಲಿಗ ಧರೆಪ್ಪನನ್ನು ಕೂಡಿಸಿಕೊಂಡು ಬಂದ.

ಧರೆಪ್ಪ ಪಡಸಾಲೆಯಲ್ಲಿ ಮಣೆ ಇಟ್ಟು, ಉಂಗುರಕ್ಕೂ ಚರ್ಮಕ್ಕೂ ನಡುವೆ ತೆಳ್ಳನೆಯ ತಗಡು ತೂರಿಸಿದ. ತಾರವ್ವ ತುಟಿ ಕಚ್ಚಿದಳು, ಅಳಲಿಲ್ಲ. ಸೋನಾಬಾಯಿ ಅಡ್ಡ ಬಂದು ನಿಂತಳು.

"ಅಣ್ಣಾಸಾಬ, ನೀ ಇನ್ನಾ ಜೀವಂತ ಇದ್ದೀಯಪಾ."

"ಇದ್ದೇನಲ್ಲವ್ವಾ," ಎಂದ ಆತ. "ಕಾಲ ನಾನ ಹಿಡಕೊಂಡೇನಿ."

ಸಣ್ಣ ಗರಗಸ ಕಿರ್ರೆಂದು ಆಡತೊಡಗಿತು. ಸೋನಾಬಾಯಿಗೆ ತನ್ನ ಹಲ್ಲನ್ನೇ ಯಾರೋ ಅರೆದಂತಾಯಿತು. ಅಡ್ಡ ನಿಂತವಳು ಕಾಲು ಚಾಚಿ ಅಲ್ಲೇ ಕುಳಿತಳು. ತನ್ನ ಬಾಯಿಂದಲೇ ಬಂದ ಕರಾರು ತನ್ನ ಮನೆಯೊಳಗೆ ಹೀಗೆ ಬಂದು ಕುಳಿತದ್ದಕ್ಕೆ ಯಾರನ್ನು ಬಯ್ಯಬೇಕೆಂದು ಆಕೆಗೆ ತಿಳಿಯಲಿಲ್ಲ. ಉಂಗುರ ಬಾಯಿ ಬಿಟ್ಟು ಮಣೆಯ ಮೇಲೆ ಬಿತ್ತು.

ಧರೆಪ್ಪ ಗರಗಸ ಒರೆಸಿ ಚೀಲಕ್ಕೆ ಹಾಕುತ್ತಿದ್ದ. ತಾರವ್ವ ಎಡಗಾಲನ್ನು ಮಣೆಯ ಮೇಲಿಟ್ಟಳು. ಅವನು ಆ ಬೆರಳು ಮುಟ್ಟಿ ನೋಡಿದ. ಉಂಗುರ ಸರಾಗ ತಿರುಗಿತು.

"ಇದು ಸಡ್ಲ ಐತಲ್ಲವ್ವಾ. ಕೈಲೇ ಬರತೈತಿ."

"ಕೈಲೆ ತೆಗದ್ರ ನಾ ತೆಗದಂಗ ಆಗತೈತಿ," ಎಂದಳು ತಾರವ್ವ. "ಅತ್ತಿಗೆ ಮಾತ ಕೊಟ್ಟೇನಿ. ಕೊಯ್ರಿ."

ಅಣ್ಣಾಸಾಬ ಹೆಂಡತಿಯ ಮುಖ ನೋಡಿ, ಆ ಕಾಲನ್ನೂ ಹಿಡಿದುಕೊಂಡ. ಧರೆಪ್ಪ ಗರಗಸ ಹಿಡಿದು, ಹಿರಿಯಳ ಅಪ್ಪಣೆಗಾಗಿ ಸೋನಾಬಾಯಿಯ ಕಡೆ ತಿರುಗಿದ. ಆಕೆ ಮುಂದೆ ಚಾಚಿದ್ದ ಉಂಗುರವಿಲ್ಲದ ತನ್ನ ಕಾಲುಗಳನ್ನು ಮೆಲ್ಲಗೆ ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ಗರಗಸ ಮತ್ತೆ ಕಿರ್ರೆಂದಿತು.